ಕಿಟಕಿ ಬೆಡ್ಡಿನವರ ಕೋಟೆ

ಅವರ ಎಡಗೈಯಲ್ಲಿ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಒಂದು ನರ ಹೆಬ್ಬೆರಳಿನಷ್ಟು ದಪ್ಪಗೆ ಉಬ್ಬಿಕೊಂಡಿತ್ತು. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಅಲ್ಲಲ್ಲಿ ಗಂಟುಗಟ್ಟಿತ್ತು. ಬೆರಳಿಟ್ಟರೆ ಒಳಗೆ ಜೇನುನೊಣ ಸಿಕ್ಕಿಹಾಕಿಕೊಂಡ ಹಾಗೆ ಗುಂಯ್ ಎನ್ನುತ್ತಿತ್ತು. ಮೊದಲ ದಿನ ನಾನು ಹೆದರಿ ಮುದುಡಿ ಮಲಗಿದ್ದಾಗ ಅವರು ಇನ್ನೂ ಸೂಜಿ ಹಾಕಿಸಿಕೊಳ್ಳದ ಆ ಕೈಯನ್ನೇ ಪಕ್ಕದ ಮಂಚದಿಂದ ನನ್ನ ಕಡೆ ಚಾಚಿ, "ಮುಟ್ಟಿ ನೋಡಿ ಮೇಡಂ. ಇದು ಗುಂಯ್ ಅಂತಿರೋವರೆಗೂ ನಾವಿದೀವಿ ಅಂತ ಅರ್ಥ" ಎಂದಿದ್ದರು. ಸಂಕೋಚದಿಂದಲೇ ಮುಟ್ಟಿದೆ. ಆ ಕೋಣೆಯಲ್ಲಿ ನನ್ನ ಜೊತೆ ಸರಿಯಾಗಿ ಮಾತಾಡಿದ ಮೊದಲ ಮನುಷ್ಯ ಅವರು.

ಅದು ಹಾಸನದ ಒಂದು ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ಕೋಣೆ. ಮೊಬೈಲು ಫೋನು ಹಳ್ಳಿಹಳ್ಳಿಗೂ ಬರುತ್ತಿದ್ದ ಕಾಲ. ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಮೂವತ್ತು ದಾಟಿದ ಸ್ವಲ್ಪ ದಿನಕ್ಕೇ ನನ್ನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆಯ ಬಸ್ಸಿಗೆ ಹಾಸನಕ್ಕೆ ಹೋಗಬೇಕು. ಕೈಗೆ ಎರಡು ಸೂಜಿ. ಒಂದು ಕೊಳವೆಯಲ್ಲಿ ರಕ್ತ ಯಂತ್ರಕ್ಕೆ ಹೋಗಿ, ತೊಳೆಸಿಕೊಂಡು, ಇನ್ನೊಂದರಲ್ಲಿ ವಾಪಸು ಬರುತ್ತದೆ. ನಾಲ್ಕು ಗಂಟೆ ಆ ಕೈ ಅಲ್ಲಾಡಿಸುವಂತಿಲ್ಲ. ಮೂಗು ತುರಿಸಿದರೂ ಇನ್ನೊಂದು ಕೈಯೇ ಬರಬೇಕು. ಬಿಟ್ಟು ಹೋಗೋಣವೆಂದರೆ ಎಲ್ಲಿಗೆ? ನಮ್ಮ ರಕ್ತವೇ ಹೊರಗಿತ್ತು. ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋದರೂ ಮೂರನೇ ದಿನಕ್ಕೆ ಓಡಿಬರಬೇಕು. ಕುತ್ತಿಗೆಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದ ಕರುವಿನ ಹಾಗೆ, ಹಗ್ಗದ ಉದ್ದದಷ್ಟೇ ನಮ್ಮ ಲೋಕ.

ಕೋಣೆಯಲ್ಲಿ ನಾಲ್ಕು ಮಂಚಗಳಿದ್ದವು. ಕಿಟಕಿ ಪಕ್ಕದ್ದು ಅವರದು, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಕಿಟಕಿ ಬೆಡ್ಡಿನವರು. ಕಿಟಕಿಯಾಚೆ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಸುಣ್ಣ ಕಾಣದ ಗೋಡೆ ಮಾತ್ರ. ಅವರದು ಹೊಳೆನರಸೀಪುರ. ಅಣ್ಣನ ಜೊತೆ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ನೋಡಿಕೊಳ್ಳುತ್ತಿದ್ದರು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಕಾಯಿಲೆ ಬಂದು ಓದು ಅರ್ಧಕ್ಕೇ ನಿಂತಿತ್ತು. ಮದುವೆಯಾಗಿರಲಿಲ್ಲ. "ಊರಿನವರ ಮದುವೆಯನ್ನೆಲ್ಲಾ ನಾನೇ ಛಾಪಿಸ್ತೀನಿ, ಅಷ್ಟು ಸಾಕು" ಎನ್ನುತ್ತಿದ್ದರು.

ಉಳಿದ ಇಬ್ಬರಲ್ಲಿ ಒಬ್ಬ ಮಲ್ಲಿಪಟ್ಟಣದ ರೈತ. ಹೊಗೆಸೊಪ್ಪು, ಶುಂಠಿ ಬೆಳೆಯುವವನು, ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಇನ್ನೊಬ್ಬರು ಅರಕಲಗೂಡಿನ ಕಡೆಯ ದೇವಸ್ಥಾನವೊಂದರ ಅರ್ಚಕರು, ಅರವತ್ತು ದಾಟಿದವರು.

ಕಿಟಕಿ ಬೆಡ್ಡಿನವರು ಆಟ ಶುರು ಮಾಡಿದ್ದು ಬೇಸರ ತಡೆಯಲಾರದೆ. ಕೋಣೆಯ ಟೀವಿ ಕೆಟ್ಟು ತಿಂಗಳಾಗಿತ್ತು. ಒಂದು ದಿನ ಅವರು ಚೀಲದಿಂದ ಒಂದು ಹಸಿರು ದಾಳ ತೆಗೆದರು. ಆರು ಮುಖದ್ದಲ್ಲ, ಇಪ್ಪತ್ತು ಮುಖದ್ದು, ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪ. ಹಾಸ್ಟೆಲಿನಲ್ಲಿದ್ದಾಗ ಯಾರೋ ಸೀನಿಯರ್ ಕಲಿಸಿದ ಆಟವಂತೆ. ಹಲಗೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕತೆ ಹೇಳುತ್ತಾ ಹೋಗುತ್ತಾರೆ. ಉಳಿದವರು ಕತೆಯೊಳಗೆ ಒಬ್ಬೊಬ್ಬರಾಗಿ, "ನಾನು ಬಾಗಿಲು ಒಡೀತೀನಿ", "ನಾನು ಮರ ಹತ್ತುತೀನಿ" ಎಂದು ತಮಗೆ ತೋಚಿದ್ದು ಮಾಡುತ್ತಾರೆ. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದಾಳ ಉರುಳಿಸಲು ನರ್ಸಮ್ಮನ ಹತ್ತಿರ ಗೇರುಬೀಜದ ಆಕಾರದ ಸ್ಟೀಲ್ ತಟ್ಟೆ ಇಸಿದುಕೊಂಡರು. ಆಸ್ಪತ್ರೆಯಲ್ಲಿ ಅದನ್ನು ಕಿಡ್ನಿ ಟ್ರೇ ಅಂತಲೇ ಕರೆಯುತ್ತಾರೆ. "ಈ ರೂಮಲ್ಲಿ ಕೆಲಸ ಮಾಡೋ ಕಿಡ್ನಿ ಇದೊಂದೇ" ಎಂದರು ಅವರು. ಟೆಕ್ನಿಷಿಯನ್ ಹುಡುಗಿ ನಕ್ಕಿದ್ದಕ್ಕೆ ಅವಳ ಕೈಯಲ್ಲಿದ್ದ ಬಾಟಲು ಬೀಳುವುದರಲ್ಲಿತ್ತು.

ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ನಾವು ಯಾರಾಗಬೇಕೆಂದು ಬರೆದುಕೊಂಡೆವು. ಅರ್ಚಕರು, "ಜೀವಮಾನವೆಲ್ಲಾ ಮಡೀಲೇ ಕಳೆದೆನಯ್ಯಾ, ನನ್ನನ್ನ ಕಳ್ಳನ್ನ ಮಾಡು" ಎಂದರು. ಮಲ್ಲಿಪಟ್ಟಣದವನು ರಾಜಕುಮಾರ. "ನಾ ಗೇಯಕಿಲ್ಲ ಸಾ. ಇಲ್ಲಾದ್ರೂ ಕುಂತ್ಕಂಡ್ ತಿಂತೀನಿ" ಎಂದು ಕರಾರು ಹಾಕಿದ. ನಾನು ಕಾಡಿನ ದಾರಿಗಳೆಲ್ಲಾ ಗೊತ್ತಿರುವ ಹೆಂಗಸಾದೆ. ಅವಳು ಎಲ್ಲಿಗೆ ಬೇಕಾದರೂ ನಡೆದು ಹೋಗುತ್ತಿದ್ದಳು, ಎಷ್ಟು ದಿನ ಬೇಕಾದರೂ.

ಮೊದಲ ಖಳ ಇಂಗ್ಲಿಷ್ ಪುಸ್ತಕದಿಂದ ಬಂದವನು. ಕಪ್ಪು ಕವಚ ತೊಟ್ಟ ಮಾಂತ್ರಿಕ, ಸತ್ತರೂ ಸಾಯದವನು. ಕಿಟಕಿ ಬೆಡ್ಡಿನವರು ದನಿ ತಗ್ಗಿಸಿ, ಕಣ್ಣು ಅಗಲಿಸಿ ಅವನನ್ನು ವರ್ಣಿಸಿದರು. ಅರ್ಚಕರು ಗಂಭೀರವಾಗಿ ಕೇಳಿ, "ಸಾಯೋ ಹಾಗೂ ಇಲ್ಲ, ಬದುಕೋ ಹಾಗೂ ಇಲ್ಲ. ನಮ್ಮ ಹಾಗೇ ಅಲ್ವೇನಯ್ಯಾ? ಪಾಪ ಅನ್ಸುತ್ತೆ ಅವನನ್ನ ನೋಡಿದ್ರೆ" ಎಂದುಬಿಟ್ಟರು. ಆ ಮಾಂತ್ರಿಕನ ಕತೆ ಅಂದಿಗೇ ಮುಗಿಯಿತು.

ಮುಂದಿನ ಶುಕ್ರವಾರ ಅವರು ಒಬ್ಬೊಬ್ಬರನ್ನೇ ಕೇಳಿದರು, "ನಿಮಗೆ ಎಂಥವರನ್ನ ಕಂಡ್ರೆ ಮೈ ಉರಿಯುತ್ತೆ?" ಮಲ್ಲಿಪಟ್ಟಣದವನು ಯೋಚಿಸಲೇ ಇಲ್ಲ. "ಒಗೆಸೊಪ್ ಕೊಳ್ಳಕ್ ಬತ್ತಾರಲ್ಲ ಸಾ, ಅವ್ರು ಬೇಲ್ ಮೂಟೆನ ಮೂಸಿ ನೋಡಿ, ಒಂದ್ ಮಾತೂ ಆಡ್ದೆ ಮುಂದಕ್ ಓಯ್ತಾರೆ. ಅದು" ಎಂದ. ಅರ್ಚಕರಿಗೆ ಮುಖ ನೋಡದೆ ಮಾತಾಡುವವರನ್ನು ಕಂಡರೆ ಆಗದು. ನಾನು, ಬಾಯ್ತುಂಬಾ ಅಯ್ಯೋ ಪಾಪ ಎನ್ನುವವರನ್ನು ಎಂದೆ. ಮೂರನ್ನೂ ಸೇರಿಸಿ ಅವರು ಒಬ್ಬ ಕೋಟೆಯ ದೊರೆಯನ್ನು ಕಟ್ಟಿದರು. ಸೆರೆಯಾಳುಗಳ ಮುಂದೆ ಮೆಲ್ಲಗೆ ನಡೆದು ಬರುತ್ತಾನೆ, ಒಬ್ಬೊಬ್ಬರನ್ನೂ ಮೂಸುತ್ತಾನೆ, ಮುಖ ನೋಡುವುದಿಲ್ಲ, ಗೋಡೆಯ ಕಡೆ ತಿರುಗಿ, "ಅಯ್ಯೋ ಪಾಪ" ಎನ್ನುತ್ತಾನೆ. ನನಗೆ ನಿಜವಾಗಲೂ ಮೈ ಜುಮ್ಮೆಂದಿತು. ಮಲ್ಲಿಪಟ್ಟಣದವನು, "ಇವ್ನ್ ಬ್ಯಾಡ ಸಾ, ಇವ್ನ್ ಕೊಂದಾಕ್ಬೇಕು" ಎಂದು ಮಂಚದಿಂದ ಏಳಲು ಹೋಗಿ, ಅವನ ಯಂತ್ರ ಪೀಂ ಎಂದು ಕೂಗಿ, ನರ್ಸಮ್ಮ ಓಡಿ ಬಂದಳು.

ಆ ದೊರೆ ನಮ್ಮನ್ನು ಹಿಡಿದು ಕೋಟೆಯೊಳಗೆ ಹಾಕಿದ. ಅಲ್ಲಿಯವರೆಗೆ ಎಲ್ಲಾ ಸರಿಯಿತ್ತು. ಒಂದು ಮಂಗಳವಾರ ಕಿಟಕಿ ಬೆಡ್ಡಿನವರು ಕತೆಗೆ ಇನ್ನಷ್ಟು ಖಾರ ಹಾಕಲು ಹೋಗಿ, ದೊರೆ ಹೊಳೆಯನ್ನೇ ಕೋಟೆಗೆ ತಿರುಗಿಸಿಕೊಂಡಿದ್ದಾನೆ ಎಂದರು. ಸೆರೆಯಾಳುಗಳಿಗೆ ನೀರಿಲ್ಲ. ದೊರೆ ಅವರೆದುರೇ ಬೆಳ್ಳಿ ಚೊಂಬೆತ್ತಿ ಗಟಗಟ ಕುಡಿಯುತ್ತಾನೆ, ನೀರು ಗದ್ದದಿಂದ ಇಳಿದು ಎದೆ ನೆನೆಯುತ್ತದೆ.

ಡಯಾಲಿಸಿಸ್ ಮಾಡಿಸಿಕೊಳ್ಳದವರಿಗೆ ಇದು ಅರ್ಥವಾಗುವುದು ಕಷ್ಟ. ನಮಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ದಿನಕ್ಕೆ ಇಂತಿಷ್ಟೇ ಲೋಟ ಎಂದು ಅಳೆದಿಟ್ಟು ಕುಡಿಯಬೇಕು. ತೆಂಗಿನ ಸೀಮೆಯಲ್ಲಿ ಹುಟ್ಟಿದ ನಾನು ಎಳನೀರಿನ ಗಾಡಿ ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದೆ, ಅದಂತೂ ಒಂದು ತೊಟ್ಟೂ ಕೂಡದು. ಅಂದು ಮಲ್ಲಿಪಟ್ಟಣದವನು, "ಸಾಕು ಸಾ, ನಿಲ್ಸಿ" ಎಂದು ಗೋಡೆಯ ಕಡೆ ತಿರುಗಿದ. ಮನೆಗೆ ಹೋದವನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಹಂಡೆಯ ನೀರನ್ನೇ ಮೊಗೆದು ಮೊಗೆದು ಕುಡಿದನಂತೆ. ಮಾರನೆಯ ದಿನ ಉಸಿರು ಕಟ್ಟಿ, ಜೀಪಿನಲ್ಲಿ ಹಾಕಿಕೊಂಡು ಬಂದರು.

ಶುಕ್ರವಾರ ಅವನು ಬಂದಾಗ ಕಿಟಕಿ ಬೆಡ್ಡಿನವರು ತಲೆ ಎತ್ತಿ ಅವನನ್ನು ನೋಡಲಿಲ್ಲ. ದಾಳವನ್ನೂ ತೆಗೆಯಲಿಲ್ಲ. ಕೊನೆಗೆ ಅವನೇ, "ಯಾಕ್ ಸಾ, ಆಟ ಇಲ್ವಾ? ನಾ ಬದ್ಕಿವ್ನಿ, ನೋಡಿ" ಎಂದ. ಅವರು ಆಗ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ಖಳ ಅನ್ನೋನು ಆಟದೊಳಗೇ ಇರ್ಬೇಕು. ಮನೆಗೆ ಬರಬಾರದು. ನಾನು ಅವನನ್ನ ನಿನ್ನ ಮನೆಗೆ ಕಳಿಸಿಬಿಟ್ಟೆ." ಅಂದಿನಿಂದ ಹೊಳೆ ಹೊಳೆಯ ಪಾಡಿಗೆ ಹರಿಯಿತು. ದೊರೆ ನೀರಿನ ತಂಟೆಗೆ ಬರಲಿಲ್ಲ. ದಾರಿಗಳನ್ನು ಮಾತ್ರ ಮುಚ್ಚುತ್ತಾ ಹೋದ.

ಆ ಮಾತನ್ನು ಅವರೇ ಮುರಿದದ್ದು ನನ್ನ ವಿಷಯದಲ್ಲಿ.

ನನ್ನ ಅವ್ವ ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದಿದ್ದಳು. ಪರೀಕ್ಷೆಗಳೆಲ್ಲಾ ಆಗಿ, ಹೊಂದುತ್ತದೆ ಎಂದೂ ಡಾಕ್ಟರು ಹೇಳಿದ್ದರು. ನಾನೇ ಬೇಡವೆನ್ನುತ್ತಿದ್ದೆ. ದಿನ ಬೆಳಗಾದರೆ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಡೈರಿಗೆ ಹಾಕಿ ಬರುವ ಹೆಂಗಸು. ಅವಳ ಹೊಟ್ಟೆ ಕುಯ್ಯಿಸಿ ನಾನು ಬದುಕುವುದೇ? ನಮ್ಮ ಯಜಮಾನರು ಫೋನು ಮಾಡಿ ಒತ್ತಾಯಿಸಿದಾಗಲೆಲ್ಲಾ ಮಂಚದಲ್ಲಿ ಮಲಗಿಕೊಂಡೇ ಜಗಳವಾಡುತ್ತಿದ್ದೆ. ಪಕ್ಕದ ಮಂಚಕ್ಕೆ ಎಲ್ಲಾ ಕೇಳುತ್ತಿತ್ತು.

ಒಂದು ದಿನ ಆಟದಲ್ಲಿ ನನ್ನ ದಾರಿಯವಳಿಗೆ ಹೊಸ ಉಪಕತೆ ಹುಟ್ಟಿತು. ಕೋಟೆಗೋಡೆಯ ಕೆಳಗಿನ ಸುರಂಗವೊಂದನ್ನು ಪತ್ತೆ ಮಾಡಿ, ಅದರಲ್ಲಿ ತೂರಿ ಅವಳು ಹೊರಗೆ ಬಂದಾಗ ಹೊಳೆದಂಡೆಯಲ್ಲಿ ಒಬ್ಬಳು ಮುದುಕಿ ಕೂತಿರುತ್ತಾಳೆ. ಅವಳ ಕೈಯಲ್ಲಿ ಎರಡು ದೀಪ. "ಒಂದನ್ನ ನೀನು ತಗೋ. ನಂಗೆ ಒಂದು ಸಾಕು" ಎನ್ನುತ್ತಾಳೆ.

ನನಗೆ ತಲೆಯಿಂದ ಕಾಲಿನವರೆಗೆ ಬೆಂಕಿ ಹೊತ್ತಿಕೊಂಡಿತು. "ಖಳ ಮನೆಗೆ ಬರಬಾರದು ಅಂದವರು ನೀವೇ ಅಲ್ವಾ? ನಮ್ಮನೆ ವಿಷಯ ನಿಮ್ಮ ಆಟಕ್ಕೆ ಯಾಕೆ?" ಎಂದು ಕೂಗಿದೆ. ಅರ್ಚಕರು ಕಣ್ಣು ಮುಚ್ಚಿಕೊಂಡು ಏನೋ ಗೊಣಗಿದರು. ಕಿಟಕಿ ಬೆಡ್ಡಿನವರು, "ತಪ್ಪಾಯ್ತು ಮೇಡಂ. ತೆಗೆದುಬಿಡ್ತೀನಿ" ಎಂದರು.

ನಾನು ಆ ಶುಕ್ರವಾರ ಹೋಗಲಿಲ್ಲ. ಕೋಪ ಅವರ ಮೇಲೆ ಮಾತ್ರವಲ್ಲ. ಸೂಜಿ, ಬಸ್ಸು, ಅಳೆದ ನೀರು, ಉಪ್ಪಿಲ್ಲದ ಸಾರು, ಎಲ್ಲದರ ಮೇಲೆ. ಇನ್ನು ಹೋಗುವುದೇ ಇಲ್ಲ, ಆದದ್ದಾಗಲಿ ಎಂದು ಮನೆಯಲ್ಲಿ ಹೇಳಿದೆ. ಯಜಮಾನರು ಬೇಡಿಕೊಂಡರು, ಮಗಳು ಅತ್ತಳು. ನಾನು ಕದಲಲಿಲ್ಲ. ಭಾನುವಾರದ ಹೊತ್ತಿಗೆ ಕಾಲು ಬಾತು ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಮಲಗಿದರೆ ಉಸಿರಾಡುವುದು ಕಷ್ಟವಾಗಿ ದಿಂಬಿಗೆ ಒರಗಿ ಕೂತೇ ಇರುತ್ತಿದ್ದೆ.

ಆವತ್ತು ಮಧ್ಯಾಹ್ನ ಮಲ್ಲಿಪಟ್ಟಣದವನ ಫೋನು ಬಂತು. ಆರೋಗ್ಯ ವಿಚಾರಿಸುತ್ತಾನೆ ಅಂದುಕೊಂಡೆ. ಅವನು ಬೈಯ್ಯಲು ಫೋನು ಮಾಡಿದ್ದ.

"ಅಲ್ಲ ಕಣಕ್ಕಾ, ನೀನಿಂಗ್ ಮಾಡ್ಬೋದಾ? ನಮ್ಮನ್ನ ಇಡ್ದು ಕೊಟ್ಬುಟ್ಯಲ್ಲ!"

"ಏನು ಹಿಡಿದುಕೊಟ್ಟೆ?"

"ದೊರೆ ತಾವ ಓಗಿ ಸುರಂಗದ್ ದಾರಿ ಏಳ್ಕೊಟ್ಟಿದ್ದೀಯ. ನನ್ನೂ ಅಯ್ನೋರ್ನೂ ಕತ್ಲೆ ಕ್ವಾಣೆಗೆ ಆಕವ್ರೆ. ನೀನ್ ಈಗ ಅವ್ನ್ ಕಡೆ. ಎಲ್ಲಾರ್ಗಿಂತ ಕೆಟ್ಟೋಳು ನೀನೇಯ."

"ಯಾರು ಹೇಳಿದ್ದು ಹಾಗಂತ?"

"ಆಟ್ದಾಗ್ ಅಂಗೇ ಆಗದೆ. ನಾನ್ ಏನ್ ಮಾಡ್ಲಿ?"

ನನ್ನವಳು! ನಾನು ಹೆಜ್ಜೆಹೆಜ್ಜೆಗೆ ದಾರಿ ಕಂಡುಹಿಡಿದು ಇಷ್ಟು ತಿಂಗಳು ನಡೆಸಿದವಳು! ನಾನಿಲ್ಲದಾಗ ಅವಳನ್ನು ದ್ರೋಹಿ ಮಾಡಲು ಇವರಿಗೆ ಯಾರು ಅಧಿಕಾರ ಕೊಟ್ಟರು? ಮಂಗಳವಾರ ಬೆಳಿಗ್ಗೆ ಯಜಮಾನರು ಏಳುವ ಮೊದಲೇ ನಾನು ತಯಾರಾಗಿ ಬಾಗಿಲಲ್ಲಿ ಕೂತಿದ್ದೆ. ಅವರು ಕಣ್ಣುಜ್ಜಿಕೊಂಡು, "ಏನಾಯ್ತು?" ಎಂದರು. "ಜಗಳ ಆಡೋದಿದೆ, ನಡೀರಿ" ಎಂದೆ. ಅವರು ಬಸ್ಸಿಗೆ ಕಾಯದೆ ಕಾರು ಮಾಡಿಕೊಂಡು ಬಂದರು.

ಟೆಕ್ನಿಷಿಯನ್ ಹುಡುಗಿಗೆ ನನ್ನ ತೂಕ ನೋಡಿ ಗಾಬರಿ. ಸೂಜಿ ಹಾಕಿ, ಯಂತ್ರ ಶುರುವಾಗಿ, ಉಸಿರು ಒಂದಿಷ್ಟು ಸಡಿಲವಾಗುತ್ತಲೇ ನಾನು ಕಿಟಕಿ ಕಡೆ ತಿರುಗಿದೆ. "ಏನ್ರೀ ಇದು ಅನ್ಯಾಯ?"

"ನಾನು ಮಾಡಿದ್ದಲ್ಲ ಮೇಡಂ" ಎಂದರು ಅವರು. "ದಾರಿ ಗೊತ್ತಿದ್ದವಳು ಅವಳೊಬ್ಬಳೇ. ಶುಕ್ರವಾರ ಅವಳಿಲ್ಲ. ದೊರೆಯ ಸೈನಿಕರು ಸುರಂಗದ ಬಾಯಲ್ಲೇ ಕಾಯ್ತಿದ್ರು. ಇದಕ್ಕೇನರ್ಥ ಅಂತ ಇವರಿಬ್ಬರನ್ನ ಕೇಳಿದೆ."

"ನಾನೇ ಹೇಳಿದ್ದು ಕಣಮ್ಮಾ, ಅವಳೇ ಹಿಡಿದುಕೊಟ್ಟಿರಬೇಕು ಅಂತ" ಎಂದರು ಅರ್ಚಕರು, ಒಂದು ಚೂರೂ ನಾಚಿಕೆಯಿಲ್ಲದೆ. "ಕಳ್ಳನ ಬುದ್ಧಿ ಹಾಗೇ ಹೋಗುತ್ತೆ."

"ಅವಳು ಖಳನಾಯಕಿ ಆಗಿರಬೇಕು ಅಂತ ನನಗೇನೂ ಹಟ ಇಲ್ಲ" ಎಂದರು ಕಿಟಕಿ ಬೆಡ್ಡಿನವರು. "ಆದ್ರೆ ಕಾರಣ ಇಲ್ಲದೆ ಯಾರೂ ಕೆಟ್ಟವರಾಗಲ್ಲ. ಅವಳು ಯಾಕೆ ಬಿಟ್ಟುಹೋದಳು, ಅದನ್ನ ನೀವೇ ಹೇಳ್ಬೇಕು. ನೀವು ಹೇಳಿದ್ದೇ ಆಟದಲ್ಲಿ ನಡೆಯೋದು."

ಏನಾದರೂ ಸುಳ್ಳು ಕಟ್ಟಬಹುದಿತ್ತು. ದೊರೆ ಮಂತ್ರ ಹಾಕಿದ ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಅವಳಿಗೆ ಆ ಮುದುಕೀನ ಕಂಡು ಹೆದರಿಕೆ ಆಯ್ತು. ದೀಪ ಇಸ್ಕೊಂಡ್ರೆ ಮುದುಕಿ ಕತ್ತಲಲ್ಲಿ ಎಲ್ಲಾದ್ರೂ ಬಿದ್ದು ಸಾಯ್ತಾಳೆ ಅಂತ. ಆಮೇಲೆ ಆ ದೀಪ ಹಿಡ್ಕೊಂಡು ಹ್ಯಾಗೆ ನಡೆಯೋದು? ಅದಕ್ಕೆ ವಾಪಸ್ ಕೋಟೆಗೇ ಹೋದಳು. ಅಲ್ಲಿ ಯಾರೂ ಏನೂ ಕೊಡಲ್ಲ."

ಮಲ್ಲಿಪಟ್ಟಣದವನು ಕೇಳಿದ, "ಅಕ್ಕಾ, ಆ ಮುದ್ಕೀನ ಕೇಳುದ್ಯಾ, ನಿಂಗ್ ಭಯ ಆದದಾ ಅಂತ?"

ನಾನು ಕೇಳಿರಲಿಲ್ಲ.

ಅರ್ಚಕರಿಗೂ ಅವನಿಗೂ ಮಂಪರು ಹತ್ತಿದ ಮೇಲೆ ಕಿಟಕಿ ಬೆಡ್ಡಿನವರು ಗೋಡೆ ನೋಡುತ್ತಾ ಮಾತಾಡಿದರು. "ಆ ಮುದುಕೀನ ಬೇಕೂ ಅಂತಲೇ ತಂದಿದ್ದೆ ಮೇಡಂ. ನಿಮಗೆ ಒಳ್ಳೇದಾಗಲಿ ಅಂತಲ್ಲ. ಹೊಟ್ಟೆಕಿಚ್ಚಿಗೆ. ನನ್ನ ತಾಯಿ ಇಲ್ಲ. ಅಣ್ಣಂದು ಹೊಂದಲಿಲ್ಲ. ಇನ್ಯಾರೂ ಕೊಡ್ತೀನಿ ಅನ್ನಲಿಲ್ಲ, ನಾನೂ ಕೇಳಲಿಲ್ಲ. ವಾರಕ್ಕೆ ಎರಡು ದಿನ ಪಕ್ಕದಲ್ಲಿ ಮಲಗಿ ನೀವು ಬೇಡ ಬೇಡ ಅನ್ನೋದನ್ನ ಕೇಳೋದು ಕಷ್ಟ ಆಯ್ತು." ನನ್ನ ಕಡೆ ತಿರುಗಿ, "ಮುದುಕಿ ಇರಲಾ, ತೆಗೀಲಾ?" ಎಂದರು.

"ಇರಲಿ" ಎಂದೆ.

ಆ ವಾರವೇ ಊರಿಗೆ ಹೋದೆ. ಅವ್ವ ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದಳು. "ಅವ್ವಾ, ನಿಂಗೆ ಭಯ ಆಗಲ್ವಾ?" ಎಂದು ಕೇಳಿದೆ. ಅವಳು ಕೈ ಝಾಡಿಸಿಕೊಂಡು, "ಆಯ್ತದೆ. ನಿನ್ ಹೆರುವಾಗ್ಲೂ ಆಗಿತ್ತು. ಅಂಗಂತ ಒಳಗೇ ಮಡೀಕಳಕ್ ಆಯ್ತಿತ್ತಾ?" ಎಂದಳು. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. ಅವಳು ಹಿಂಡಿ ಕಲಸುವುದನ್ನು ಮುಂದುವರಿಸಿದಳು.

ಆಪರೇಷನ್ನಿಗೆ ದಿನ ಗೊತ್ತಾಗಲು ತಿಂಗಳುಗಳೇ ಹಿಡಿದವು. ಹಾಸನದ ಕೋಣೆಯಲ್ಲಿ ನನ್ನ ಕೊನೆಯ ದಿನ ನಾನು ಅವರನ್ನು ಕೇಳಿದೆ, "ನನ್ನವಳನ್ನ ಏನು ಮಾಡ್ತೀರಿ? ಖಳನಾಯಕಿಯಾಗೇ ಇಟ್ಕೊಳ್ಳಿ, ಬೇಜಾರಿಲ್ಲ."

"ಬೇಡ. ಅವಳು ಕೋಟೆಯಿಂದ ಆಚೆ ಇರ್ತಾಳೆ" ಎಂದರು. "ಏನೂ ಮಾಡ್ಬೇಕಾಗಿಲ್ಲ. ಆಚೆ ನಮ್ಮವಳು ಒಬ್ಬಳಿದ್ದಾಳೆ ಅಂತ ಒಳಗಿರೋರಿಗೆ ಗೊತ್ತಿದ್ರೆ ಅಷ್ಟೇ ಸಾಕು."

ಆಪರೇಷನ್ ಆಯಿತು. ಅವ್ವನೇ ನನಗಿಂತ ಮೊದಲು ಎದ್ದು ಓಡಾಡಿದಳು. ನಾನು ಮೊದಲ ಸಲ ಒಂದು ಚೊಂಬು ನೀರನ್ನು ಅಳೆಯದೆ ಕುಡಿದ ದಿನ ಆ ಕೋಣೆಯ ಮೂವರೂ ನೆನಪಾದರು. ಸೋಂಕಿನ ಭಯವಿದ್ದುದರಿಂದ ಆ ಕೋಣೆಗೆ ನಾನು ಹೋಗುವಂತಿರಲಿಲ್ಲ. ಒಂದೇ ಒಂದು ಸಲ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗಿ ಗಾಜಿನ ಬಾಗಿಲಾಚೆ ನಿಂತೆ. ಕಿಟಕಿ ಬೆಡ್ಡಿನವರು ಕತೆಯ ಮಧ್ಯದಲ್ಲಿದ್ದರು. ಬಲಗೈ ಗಾಳಿಯಲ್ಲಿ ಏನನ್ನೋ ತೋರಿಸುತ್ತಿತ್ತು, ಎಡಗೈ ಮಂಚಕ್ಕೆ ಅಂಟಿಕೊಂಡಿತ್ತು. ತುಂಬಾ ಇಳಿದುಹೋಗಿದ್ದರು. ನನ್ನನ್ನು ನೋಡಿ ಕತೆ ನಿಲ್ಲಿಸಲಿಲ್ಲ. ನನ್ನ ಕಡೆ ಬೆರಳು ಮಾಡಿ ಉಳಿದವರಿಗೆ ಏನೋ ಹೇಳಿದರು. ಇಬ್ಬರೂ ತಿರುಗಿ ನೋಡಿ ನಕ್ಕರು.

ಅವರು ಹೋದದ್ದು ಒಂದು ಸೋಮವಾರ. ಶುಕ್ರವಾರದಿಂದ ಮಂಗಳವಾರದವರೆಗಿನ ಆ ದೊಡ್ಡ ಅಂತರವನ್ನು ದಾಟುವುದು ನಮ್ಮಂಥವರ ಎದೆಗೆ ಯಾವಾಗಲೂ ಕಷ್ಟ. ಪ್ರೆಸ್ಸಿನಲ್ಲಿ ಯಾರದೋ ಲಗ್ನಪತ್ರಿಕೆಯ ಕರಡು ತಿದ್ದುತ್ತಾ ಕುರ್ಚಿಯಲ್ಲೇ ಒರಗಿದರಂತೆ. ಮಲ್ಲಿಪಟ್ಟಣದವನು ಫೋನಿನಲ್ಲಿ ಇದನ್ನು ಹೇಳಿದ. ಆಮೇಲೆ, "ಅಕ್ಕಾ, ನಾವಿನ್ನೂ ಕ್ವಾಟೆ ಒಳಗೇ ಇದ್ದೀವಿ. ಯಂಗೆ ಈಚೆಗ್ ಬರೋದು ಅಂತ ಅವ್ರು ಏಳ್ನೇ ಇಲ್ಲ" ಎಂದ.

ನನಗೂ ಗೊತ್ತಿರಲಿಲ್ಲ. ಮುಂದೆ ಏನು ಮಾಡಬೇಕೆಂದಿದ್ದರೋ ಅವರು ಎಲ್ಲೂ ಬರೆದಿಟ್ಟವರಲ್ಲ. ನಮ್ಮನ್ನು ನೋಡಿಕೊಂಡು ಅಂದಂದಿಗೆ ಕಟ್ಟುತ್ತಿದ್ದರು.

ಮುಂದಿನ ಶುಕ್ರವಾರ, ಸ್ಕೂಲಿಗೆ ರಜೆಯಿತ್ತು, ಅವನು ಡಯಾಲಿಸಿಸ್ ಕೋಣೆಯಿಂದಲೇ ಫೋನು ಮಾಡಿದ. ಸ್ಪೀಕರ್ ಹಾಕಿ ಎದೆಯ ಮೇಲೆ ಇಟ್ಟುಕೊಂಡಿದ್ದಾನೆ. ಅರ್ಚಕರ ಕೆಮ್ಮು ಕೇಳಿಸಿತು. "ಶುರು ಮಾಡಮ್ಮಾ, ಕಾಲು ಸೆಳೀತಾ ಇದೆ" ಎಂದರು. ನಾನು ಹಜಾರದಲ್ಲಿ ಕೂತು, ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ, ಕತ್ತಲೆ ಕೋಣೆಯ ಬಾಗಿಲು ತಾನಾಗಿಯೇ ತೆರೆದಿದೆ ಎಂದೆ. ಆಚೆ ಉದ್ದನೆಯ ಮೊಗಸಾಲೆ, ಕೊನೆಯಲ್ಲಿ ಇನ್ನೊಂದು ಬಾಗಿಲು. ಅದರ ಹಿಂದೆ ದೊರೆ ನಿಂತಿದ್ದಾನೆ ಎಂದು ನನಗೆ ಮಾತ್ರ ಗೊತ್ತು. ಅವನ ದನಿಯನ್ನು ತೆಗೆದು, "ಅಯ್ಯೋ ಪಾಪ, ಬನ್ನಿ ಬನ್ನಿ" ಎಂದು ಮೆಲ್ಲಗೆ ಕರೆದೆ.

ಅಡುಗೆಮನೆಯಿಂದ ಅವ್ವ ಬಂದಳು. ಆಪರೇಷನ್ ಆದಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. "ಯಾರ್ನೆ ಅಂಗ್ ಕರೀತಿದ್ದೀಯ?" ಎಂದಳು. ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವಳು ಸೆರಗಿಗೆ ಕೈ ಒರಸಿಕೊಂಡು ಪಕ್ಕದಲ್ಲೇ ಕೂತು ಕಿವಿಗೊಟ್ಟಳು. ಫೋನಿಗೆ ಕೈ ಅಡ್ಡ ಹಿಡಿದು, ಬಾಗಿಲ ಹಿಂದೆ ಕೆಟ್ಟ ದೊರೆ ನಿಂತಿದ್ದಾನೆ ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ.

"ನಾ ಬಾಗ್ಲು ತೆಗೀತೀನಿ ಕಣಕ್ಕಾ" ಎಂದಿತು ಫೋನು.

ಅವ್ವ ನನ್ನ ಕೈಯಿಂದ ಫೋನು ಕಿತ್ತುಕೊಂಡು ಬಾಯ ಹತ್ತಿರ ಹಿಡಿದು ಕೂಗಿದಳು, "ಲೇ ಮಗಾ, ತೆಗೀಬ್ಯಾಡ ಕಣ್ಲಾ! ಅವ್ನು ಅಲ್ಲೇ ನಿಂತವ್ನೆ!"